ಕಾರ್ಯಪ್ಪನವರು ಡೆಹ್ರಾಡೂನಿನಲ್ಲಿ ಕಲಿತವರೇ?

ದುರ್ಗದ ಶಿಕ್ಷಕ:
ಚಿತ್ರದುರ್ಗದ ನಮ್ಮ ಶಾಲೆಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಚಿತ್ರದ ಗಾಜು ಒರೆಸುತ್ತಿದ್ದ ಹುಡುಗನೊಬ್ಬ ಹೀಗೆ ಕೇಳಿದನು. ಬಲ್ಲವರು ದಯವಿಟ್ಟು ತಿಳಿಸಿರಿ.

ದಾವಣಗೆರೆ ಓದುಗ:
ಇಲ್ಲ ಮೇಷ್ಟ್ರೇ. ಡೆಹ್ರಾಡೂನಿನ ಸೈನಿಕ ಅಕಾಡೆಮಿ 40 ಕೆಡೆಟ್‌ಗಳೊಂದಿಗೆ ಆರಂಭವಾದದ್ದು 1932ರಲ್ಲಿ. ಕಾರ್ಯಪ್ಪನವರು ಅದಕ್ಕೂ ಬಹಳ ಮೊದಲೇ, ಮೊದಲ ಮಹಾಯುದ್ಧದ ಅಗತ್ಯಕ್ಕಾಗಿ ಇಂದೋರಿನಲ್ಲಿ ತೆರೆದಿದ್ದ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು, 1919ರಲ್ಲಿ ಅಧಿಕಾರಿಯಾದರು. ಆ ಕಾಲೇಜು ಬೇಗನೆ ಮುಚ್ಚಿದ್ದರಿಂದ ಮುಂದಿನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೇ ಹೋಗಬೇಕಾಯಿತು. ಅಲ್ಲಿ ಭಾರತೀಯರಿಗೆ ಮೊದಲು ಮೀಸಲಿದ್ದದ್ದು ವರ್ಷಕ್ಕೆ ಹತ್ತೇ ಸ್ಥಾನ! ಮುಂದೆ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರು ಬಂದದ್ದು ಆ ದಾರಿಯಿಂದ.

ಹೊಳಲ್ಕೆರೆಯವ:
ಡೆಹ್ರಾಡೂನಿನ ಮೊದಲ ತಂಡದಲ್ಲಿ, ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಶಾ ಇದ್ದರೆಂಬುದನ್ನೂ ಆ ಹುಡುಗನಿಗೆ ಹೇಳಿರಿ. ಅಲ್ಲಿ ಕಲಿತವರಿಗೆ ಸ್ಯಾಂಡ್‌ಹರ್ಸ್ಟ್‌ನವರಿಗಿಂತ ಕಡಿಮೆ ಸಂಬಳ ಕೊಡುತ್ತಿದ್ದುದು ನನಗೆ ಇಂದಿಗೂ ನೋವಿನ ಸಂಗತಿ.

ದುರ್ಗದ ಶಿಕ್ಷಕ:
ಇಬ್ಬರಿಗೂ ಧನ್ಯವಾದಗಳು. ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.