ಸಿಕ್ ಲೀವ್ ಉಳಿಸಬೇಕಾ, ಮುಗಿಸಬೇಕಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವರ್ಷ ಮುಗಿಯುವುದರೊಳಗೆ ಸಿಕ್ ಲೀವ್ ಪೂರ್ತಿ ತೆಗೆದುಕೊಳ್ಳಬೇಕು ಅಂತ ಕೆಲವರು, ಕಷ್ಟಕಾಲಕ್ಕೆ ಇಟ್ಟುಕೊಳ್ಳಬೇಕು ಅಂತ ಕೆಲವರು ಗುಂಪಿನಲ್ಲಿ ವಾದ ಮಾಡುತ್ತಿದ್ದೀರಿ. ಕಾರ್ಖಾನೆಗಳಲ್ಲಿ ವೈದ್ಯಾಧಿಕಾರಿಯಾಗಿದ್ದ ಡಾಕ್ಟರ್ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ವೈಟ್‌ಫೀಲ್ಡ್ ಸದಸ್ಯ: ಸರ್, ಐಟಿ ಕಂಪನಿ. 12 ಸಿಕ್ ಲೀವ್‌ನಲ್ಲಿ 9 ಉಳಿದಿವೆ. ಡಿಸೆಂಬರ್ 31ಕ್ಕೆ ಲ್ಯಾಪ್ಸ್ ಆಗುತ್ತವೆ. ಸಂಬಳದ ಭಾಗವೇ ಅಲ್ವಾ ಅದು? ಸುಮ್ನೆ ಬಿಡಬೇಕಾ?

ಡಾಕ್ಟರ್: ಹುಷಾರಿಲ್ಲದ ದಿನ ತೆಗೆದುಕೊಳ್ಳಿ. ಮೊದಲ ದಿನವೇ ತೆಗೆದುಕೊಳ್ಳಿ, ಮೂರು ದಿನ ಎಳೆದಾಡಿದ ಮೇಲಲ್ಲ. ವರ್ಷವಿಡೀ ಆರೋಗ್ಯ ಚೆನ್ನಾಗಿದ್ದು ರಜೆ ಉಳಿದರೆ ಉಳಿಯಲಿ, ಅದರಲ್ಲಿ ನಷ್ಟ ಏನೂ ಇಲ್ಲ. ಒಂದು ವಿಷಯ ಮಾತ್ರ ಗೊತ್ತಿರಲಿ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ 15ನೇ ಸೆಕ್ಷನ್ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಕೊಡುತ್ತದೆ. ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದಾದರೂ ಸರಿಯಾದ ಕಾರಣಕ್ಕೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅನ್ನುವುದೂ ಸರಿಯಾದ ಕಾರಣವೇ. ಅದನ್ನೇ ಬರೆಯಿರಿ. ಇಲ್ಲದ ಜ್ವರ ಬರೆಯಬೇಡಿ.

ಮಂಡ್ಯ ಸದಸ್ಯ: ಫಾರ್ವರ್ಡ್ ಬಂದಿದೆ ಸರ್. ವಾಟ್ಸಾಪ್‌ನಲ್ಲಿ ಹೆಸರು, ದಿನಾಂಕ ಕಳಿಸಿದರೆ ಹತ್ತು ನಿಮಿಷಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಕೊಡುತ್ತಾರಂತೆ. ಲಿಂಕ್ ಹಾಕಲಾ?

ಡಾಕ್ಟರ್: ಹಾಕಬೇಡಿ. ರೋಗಿಯನ್ನು ನೋಡದೆ ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ವೈದ್ಯರ ಹೆಸರು ರಿಜಿಸ್ಟರ್‌ನಿಂದಲೇ ಹೋಗಬಹುದು. 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲಿ ಅದು ಸ್ಪಷ್ಟವಾಗಿದೆ. ಕಂಪನಿಯವರು ನೋಂದಣಿ ಸಂಖ್ಯೆ ಹಿಡಿದು ವಿಚಾರಿಸಿದರೆ ಕೆಲಸ ಹೋಗುವುದು ನಿಮ್ಮದು. ಮುಂದೆ ನಿಜವಾಗಿ ಕಾಯಿಲೆ ಬಿದ್ದಾಗ ನಿಮ್ಮನ್ನು ಯಾರೂ ನಂಬುವುದಿಲ್ಲ.

ಶಿವಮೊಗ್ಗ ಸದಸ್ಯ: ಡೆಂಗ್ಯೂ ಪಾಸಿಟಿವ್ ಸರ್. ಇವತ್ತು ಐದನೇ ದಿನ, ಜ್ವರ ಬಿಟ್ಟಿದೆ. ಪಪಾಯ ಎಲೆ ರಸ ಕುಡಿಯುತ್ತಿದ್ದೇನೆ. ನಾಳೆ ಡ್ಯೂಟಿಗೆ ಹೋಗಬಹುದಾ?

ಡಾಕ್ಟರ್: ಹೋಗಬೇಡಿ. ಡೆಂಗ್ಯೂನಲ್ಲಿ ಜ್ವರ ಇಳಿದ ನಂತರದ ಒಂದೆರಡು ದಿನವೇ ಅಪಾಯದ ದಿನ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಇದರಲ್ಲಿ ಒಂದು ಕಂಡರೂ ರಾತ್ರಿಯಾಗಲಿ, ಹಗಲಾಗಲಿ, ಆಸ್ಪತ್ರೆಗೆ ಹೋಗಿ. ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ. ನಾಳೆ ಬೆಳಗ್ಗೆ ರಕ್ತ ಪರೀಕ್ಷೆ ಮಾಡಿಸಿ. ಎಲೆ ರಸ ನಂಬಿಕೊಂಡು ಪರೀಕ್ಷೆ ತಪ್ಪಿಸಬೇಡಿ.

ಹುಬ್ಬಳ್ಳಿ ಸದಸ್ಯೆ: ಸರ್, ನನಗೆ ತಿಂಗಳಿಗೆ ಎರಡು ಮೂರು ಸಲ ಮೈಗ್ರೇನ್ ಬರುತ್ತದೆ. ಪ್ರತಿ ಸಲ ಸರ್ಟಿಫಿಕೇಟ್ ಕೇಳುತ್ತಾರೆ. ಏನು ಮಾಡಲಿ?

ಪೀಣ್ಯ ಸದಸ್ಯ: ನಮಸ್ಕಾರ ಸರ್. ಪ್ರೆಸ್ ಶಾಪ್‌ನಲ್ಲಿ ಕೆಲಸ. ಮೂರು ವಾರದಿಂದ ಕೆಮ್ಮು. ಸಂಜೆ ಮೈ ಬಿಸಿಯಾಗುತ್ತದೆ, ರಾತ್ರಿ ಬೆವರುತ್ತೇನೆ. ಪ್ಯಾಂಟ್ ಸಡಿಲ ಆಗಿದೆ. ಫೆಬ್ರವರಿಯಲ್ಲಿ ತಂಗಿ ಮದುವೆ, ಅದಕ್ಕೆ ಅಂತ ರಜೆ ಕೂಡಿಸಿಟ್ಟಿದ್ದೇನೆ. ಈಗ ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಮದುವೆ ಮುಗಿದ ಮೇಲೆ ತೋರಿಸಿದರೆ ಸಾಕಾ?

ಡಾಕ್ಟರ್: ಸಾಲದು. ಯಾವ ಮಾತ್ರೆ ತಗೊಂಡಿರಿ? ಕಫದಲ್ಲಿ ರಕ್ತ ಇದೆಯಾ? ಮನೆಯಲ್ಲಿ ಯಾರ್ಯಾರು ಇದ್ದಾರೆ? ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕಟ್ ಆಗುತ್ತಾ?

ದಾವಣಗೆರೆ ಸದಸ್ಯ: ಅಣ್ಣ, ಆಡುಸೋಗೆ ಎಲೆ, ಮೆಣಸು, ಜೇನು ಹಾಕಿ ಕಷಾಯ ಮಾಡಿ ಕುಡಿಯಿರಿ. ಏಳು ದಿನದಲ್ಲಿ ಕೆಮ್ಮು ಮಾಯ. ನಮ್ಮ ಕಡೆ ಎಲ್ಲರೂ ಇದನ್ನೇ ಮಾಡೋದು.

ಪೀಣ್ಯ ಸದಸ್ಯ: ಮೆಡಿಕಲ್ ಶಾಪ್‌ನವರು ಲೆವೊಫ್ಲಾಕ್ಸಾಸಿನ್ ಐದು ದಿನಕ್ಕೆ ಕೊಟ್ಟರು ಸರ್. ಕಡಿಮೆಯಾಗಿ ಮತ್ತೆ ಬಂತು. ರಕ್ತ ಇಲ್ಲ. ಅಮ್ಮ, ಹೆಂಡತಿ, ಮೂರು ವರ್ಷದ ಮಗಳು. ಒಂದೇ ರೂಮು, ಅಡುಗೆ ಮನೆ. ಇಎಸ್‌ಐ ಇದೆ, ನಾಲ್ಕು ವರ್ಷ ಆಯಿತು. ಸಂಬಳ 18,500.

ಡಾಕ್ಟರ್: ಇದನ್ನು ನಿಧಾನವಾಗಿ ಓದಿ. ನಿಮ್ಮ ಹೆಂಡತಿಗೂ ಓದಿ ಹೇಳಿ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ನಾಲ್ಕೂ ಸೇರಿದರೆ ಮೊದಲು ನೋಡಬೇಕಾದ್ದು ಟಿಬಿ. ಟಿಬಿಯೇ ಅಂತ ನಾನು ಹೇಳುತ್ತಿಲ್ಲ, ಪರೀಕ್ಷೆ ಹೇಳುತ್ತದೆ. ಆದರೆ ಫೆಬ್ರವರಿವರೆಗೆ ಕಾಯುವ ಹಾಗಿಲ್ಲ. ಲೆವೊಫ್ಲಾಕ್ಸಾಸಿನ್ ಟಿಬಿ ಕ್ರಿಮಿಯ ಮೇಲೂ ಅರ್ಧಂಬರ್ಧ ಕೆಲಸ ಮಾಡುತ್ತದೆ. ಅದಕ್ಕೇ ಕಡಿಮೆಯಾದ ಹಾಗೆ ಅನಿಸಿರಬಹುದು. ಹೀಗೆ ತಿಂದರೆ ರೋಗ ಮರೆಯಾಗಿ ತಡವಾಗಿ ಸಿಗುತ್ತದೆ. ಇನ್ನೊಂದು ಸ್ಟ್ರಿಪ್ ತರಬೇಡಿ. ಚೀಟಿ ಇಲ್ಲದೆ ಅದನ್ನು ಕೊಟ್ಟದ್ದೇ ತಪ್ಪು.

ನಾಳೆ ಇಎಸ್‌ಐ ಡಿಸ್ಪೆನ್ಸರಿಗೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಫ ಪರೀಕ್ಷೆ, ಎದೆ ಎಕ್ಸ್‌ರೇ, ಜೊತೆಗೆ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವುದು ಜಾಸ್ತಿ. ಕಫವನ್ನು ಮನೆಯೊಳಗೆ ತೆಗೆಯಬೇಡಿ, ಬಯಲಲ್ಲಿ ತೆಗೆಯಿರಿ. ಉಗುಳು ಬೇಡ, ಎದೆಯಾಳದಿಂದ ಬಂದ ಕಫ ಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಟಿಬಿ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ಫಲಿತಾಂಶ ಬರುವವರೆಗೆ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ. ಟಿಬಿ ಅಂತ ಬಂದರೆ ಮನೆಯವರೆಲ್ಲರನ್ನೂ ಪರೀಕ್ಷಿಸುತ್ತಾರೆ. ಐದು ವರ್ಷದೊಳಗಿನ ಮಗುವಿಗೆ ರೋಗ ಇಲ್ಲ ಅಂತ ಖಚಿತವಾದ ಮೇಲೂ ತಡೆಗಟ್ಟುವ ಮಾತ್ರೆ ಕೊಡುತ್ತಾರೆ. ಬೇಡ ಅನ್ನಬೇಡಿ.

ಈಗ ರಜೆ ವಿಷಯ. ಫ್ಯಾಕ್ಟರಿ ಕಾನೂನಿನಲ್ಲಿ ಸಿಕ್ ಲೀವ್ ಅಂತ ಬೇರೆ ಇರಲಿಲ್ಲ, 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ ಅಷ್ಟೇ. ಕಾಯಿಲೆಗೆ ಇರುವುದು ಇಎಸ್‌ಐ. ನಿಮ್ಮ ಸಂಬಳದ 0.75% ಅಲ್ಲಿಗೆ ಹೋಗುತ್ತದೆ, ಮಾಲೀಕರು 3.25% ಹಾಕುತ್ತಾರೆ. ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ, ಬೇಕಾದರೆ ಆ ಎರಡಕ್ಕೆ ಕಂಪನಿ ರಜೆ ಹಾಕಿ. ಟಿಬಿಯಂಥ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದ ಸೇವೆ ಮತ್ತು ಸಾಕಷ್ಟು ದಿನದ ವಂತಿಗೆ ಇದ್ದರೆ ಆ 91 ದಿನ ಮುಗಿದ ಮೇಲೆ 80%. ನಿಮಗೆ ನಾಲ್ಕು ವರ್ಷ ಆಗಿದೆ. ಲೆಕ್ಕ ಹಾಕಿದರೆ ಮೊದಲು ತಿಂಗಳಿಗೆ 12,950ರ ಆಸುಪಾಸು, ಆಮೇಲೆ 14,800ರ ಆಸುಪಾಸು. ಟಿಬಿ ರೋಗಿಗಳಿಗಿರುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಬೇರೆ. ಮದುವೆಗೆ ಅಂತ ಕೂಡಿಸಿಟ್ಟ ರಜೆಯನ್ನು ಇದಕ್ಕೆ ಮುಗಿಸಬೇಕಾಗಿಲ್ಲ. ಅದು ಹಾಗೇ ಇರುತ್ತದೆ. ಹೋಗುವುದು ಸಂಬಳದ ಸ್ವಲ್ಪ ಭಾಗ ಮತ್ತು ಅಟೆಂಡೆನ್ಸ್ ಬೋನಸ್, ಹೋಗಲಿ. ಸರಿಯಾದ ಔಷಧಿ ಶುರುವಾಗಿ ಕೆಲವು ವಾರ ಕಳೆದರೆ ಸಾಮಾನ್ಯವಾಗಿ ಬೇರೆಯವರಿಗೆ ಹರಡುವುದು ತಗ್ಗುತ್ತದೆ. ಇವತ್ತು ಶುರು ಮಾಡಿದರೆ ತಂಗಿ ಮದುವೆಯಲ್ಲಿ ನೀವು ಓಡಾಡಬಹುದು. ಕಾದರೆ ಛತ್ರದಲ್ಲಿ ಎಲ್ಲರ ನಡುವೆ ಕೆಮ್ಮುತ್ತಾ ಕೂರುತ್ತೀರಿ.

ದಾವಣಗೆರೆ ಸದಸ್ಯರೇ, ಸಾದಾ ಕೆಮ್ಮಿಗೆ ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ. ಮೂರು ವಾರದ ಕೆಮ್ಮಿಗೆ ಅದನ್ನು ಹೇಳಬೇಡಿ. ಆ ಏಳು ದಿನದಲ್ಲಿ ಮಗುವಿಗೆ ತಗುಲಿದರೆ ಉತ್ತರ ಯಾರು ಕೊಡುತ್ತಾರೆ?

ದಾವಣಗೆರೆ ಸದಸ್ಯ: ಒಳ್ಳೆಯದಕ್ಕೆ ಹೇಳಿದ್ದು ಸರ್. ಆಯುರ್ವೇದ ಅಂದರೆ ನಿಮಗೆ ಯಾಕೆ ಸಿಟ್ಟು?

ಡಾಕ್ಟರ್: ಸಿಟ್ಟು ಆಯುರ್ವೇದದ ಮೇಲಲ್ಲ, ಪರೀಕ್ಷೆ ತಡವಾಗುವುದರ ಮೇಲೆ.

ಬೊಮ್ಮನಹಳ್ಳಿ ಸೂಪರ್‌ವೈಸರ್: ಡಾಕ್ಟ್ರೇ, ನಮ್ಮ ಕಡೆಯದ್ದೂ ಕೇಳಿ. ಗಾರ್ಮೆಂಟ್ಸ್ ಲೈನ್. ಸೋಮವಾರ ಬಂದರೆ ಹತ್ತು ಜನಕ್ಕೆ ಹುಷಾರಿಲ್ಲ. ಟಾರ್ಗೆಟ್ ಯಾರು ಮುಟ್ಟಿಸಬೇಕು?

ಹೊಲಿಗೆ ವಿಭಾಗದ ಸದಸ್ಯೆ: ಸರ್, ಹುಷಾರಿಲ್ಲ ಅಂದರೆ ನೀವೇ ಅಲ್ವಾ ಮಾತ್ರೆ ಕೊಟ್ಟು ಮಷಿನ್ ಮುಂದೆ ಕೂರಿಸೋದು? ಒಬ್ಬರಿಗೆ ಕಣ್ಣುಬೇನೆ ಬಂದರೆ ಇಡೀ ಲೈನ್‌ಗೆ ಬರುತ್ತದೆ. ಆಗ ಟಾರ್ಗೆಟ್ ಮುಟ್ಟುತ್ತಾ?

ಬೊಮ್ಮನಹಳ್ಳಿ ಸೂಪರ್‌ವೈಸರ್: ನಾನು ಯಾರನ್ನೂ ಕೂರಿಸಿಲ್ಲ. ನನ್ನ ಹೆಸರು ಹಿಡಿದು ಮಾತಾಡಬೇಡಿ.

ಹಾಸನ ಶಿಕ್ಷಕ: ಸಾಂದರ್ಭಿಕ ರಜೆ ರಾಜ್ಯ ಸರ್ಕಾರಿ ನೌಕರರಿಗೂ 2019ರಲ್ಲಿ 15ರಿಂದ 10ಕ್ಕೆ ಇಳಿಸಿದ್ದಾರೆ. ಎಲ್ಲರಿಗೂ ಕಷ್ಟ ಇದೆ.

ಮಂಡ್ಯ ಸದಸ್ಯ: ನಿಮಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಬೇರೆ ಇದೆ ಮೇಷ್ಟ್ರೇ. ಸರ್ಟಿಫಿಕೇಟ್ ಕೊಟ್ಟರೆ ಪೂರ್ತಿ ಸಂಬಳಕ್ಕೆ ಬದಲಾಯಿಸಿಕೊಳ್ಳಬಹುದು. ನಮ್ಮ ಜೊತೆ ಹೋಲಿಸಬೇಡಿ.

ಹಾಸನ ಶಿಕ್ಷಕ: ಬದಲಾಯಿಸಿದರೆ ಎರಡರಷ್ಟು ದಿನ ಖಾತೆಯಿಂದ ಕಳೆಯುತ್ತಾರೆ. ಅದನ್ನೂ ಹೇಳಿ. ಪರೀಕ್ಷೆ ಬರೆದು ಬಂದಿದ್ದೇವೆ, ಯಾರೂ ದಾನ ಮಾಡಿಲ್ಲ.

ಮೈಸೂರು ಸದಸ್ಯೆ: ಸರ್, ಹೋದ ತಿಂಗಳು ನನಗೆ ಗರ್ಭಪಾತ ಆಯಿತು. ಇದ್ದ ಐದು ಸಿಕ್ ಲೀವ್ ಮುಗಿಯಿತು. ಉಳಿದದ್ದು ಲಾಸ್ ಆಫ್ ಪೇ ಅಂದರು. ಹಾಗೇನಾ?

ಮಂಡ್ಯ ಸದಸ್ಯ: ದಾನ ಅಂತ ಯಾರು ಅಂದರು ಮೇಷ್ಟ್ರೇ? ಓದಿ ನೋಡಿ.

ಕೋಲಾರ ಸದಸ್ಯ: ಕಾಂಟ್ರಾಕ್ಟ್ ಲೇಬರ್‌ಗೆ ಇದೆಲ್ಲಾ ಸಿಗುತ್ತಾ ಸರ್?

ಬೊಮ್ಮನಹಳ್ಳಿ ಸೂಪರ್‌ವೈಸರ್: ಇಲ್ಲಿ ಎಲ್ಲರಿಗೂ ರಜೆಯದ್ದೇ ಚಿಂತೆ. ಕೆಲಸದ್ದು ಯಾರಿಗೂ ಇಲ್ಲ.

ಹೊಲಿಗೆ ವಿಭಾಗದ ಸದಸ್ಯೆ: ಜಗಳದಲ್ಲಿ ಮೈಸೂರು ಅಕ್ಕನ ಪ್ರಶ್ನೆ ಯಾರೂ ನೋಡಲಿಲ್ಲ. ಡಾಕ್ಟ್ರೇ, ಮೊದಲು ಅವರಿಗೆ ಹೇಳಿ.

ಡಾಕ್ಟರ್: ಮೇಡಂ, ಹಾಗಲ್ಲ. ಗರ್ಭಪಾತಕ್ಕೆ ಸಿಕ್ ಲೀವ್ ಕಳೆಯುವಂತಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಅದಕ್ಕೆ ಆರು ವಾರ ಸಂಬಳದ ರಜೆ ಬೇರೆಯೇ ಇದೆ, ಗರ್ಭಪಾತವಾದ ಮಾರನೇ ದಿನದಿಂದ. ಇಎಸ್‌ಐ ಇದ್ದರೆ ಆ ಹಣ ಇಎಸ್‌ಐ ಕೊಡುತ್ತದೆ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ. ಎಚ್‌ಆರ್‌ಗೆ ಬಾಯಿಮಾತಲ್ಲ, ಲಿಖಿತವಾಗಿ ಕೇಳಿ. ಕಳೆದ ಐದು ದಿನವನ್ನು ವಾಪಸ್ ಖಾತೆಗೆ ಹಾಕಲು ಹೇಳಿ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ರಕ್ತಸ್ರಾವ, ಜ್ವರ ಇನ್ನೂ ಇದ್ದರೆ ನಾಳೆಯೇ ತೋರಿಸಿ. ದೇಹ ಚೇತರಿಸಿಕೊಳ್ಳಲು ಸಮಯ ಬೇಕು, ಮನಸ್ಸಿಗೂ ಬೇಕು. ಬೇಗ ಕೆಲಸಕ್ಕೆ ಹೋಗಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಕೇಳಬೇಡಿ.

ಮಂಗಳೂರು ಸದಸ್ಯ: ಸರ್, ನನ್ನದು 7 ಸಿಕ್ ಲೀವ್ ಉಳಿದಿದೆ. ಲ್ಯಾಪ್ಸ್ ಆಗುವ ಮೊದಲು ತೆಗೆದುಕೊಳ್ಳಬಹುದಾ?

ಡಾಕ್ಟರ್: ಮೇಲೆ ಉತ್ತರ ಇದೆ.

ತುಮಕೂರು ಸದಸ್ಯ: 11 ಉಳಿದಿದೆ ಸರ್, ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ತುಮಕೂರು ಸದಸ್ಯ: ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದಿದ್ದರೆ ಪ್ರಶ್ನೋತ್ತರ ಯಾಕೆ ಇಟ್ಟಿರಿ?

ಅಡ್ಮಿನ್: ದಯವಿಟ್ಟು ಮರ್ಯಾದೆಯಿಂದ ಮಾತಾಡಿ. ಇಲ್ಲದಿದ್ದರೆ ಗುಂಪು ಲಾಕ್ ಮಾಡುತ್ತೇನೆ.

ಪೀಣ್ಯ ಸದಸ್ಯ: ಸರ್, ಈಗ ಇನ್‌ಚಾರ್ಜ್ ಫೋನ್ ಮಾಡಿದ್ದರು. ನಾಳೆ ಅರ್ಜೆಂಟ್ ಡಿಸ್ಪ್ಯಾಚ್ ಇದೆ, ಬರಲೇಬೇಕು ಅಂತಾರೆ. ನಾಡಿದ್ದು ಹೋದರೆ ನಡೆಯುತ್ತಾ?

ಡಾಕ್ಟರ್: ನಡೆಯಲ್ಲ. ನಾಳೆ ಡಿಸ್ಪೆನ್ಸರಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಇಎಸ್‌ಐ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ. ತಿಂದ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿ. ಇನ್‌ಚಾರ್ಜ್‌ಗೆ ಈಗಲೇ ಮೆಸೇಜ್ ಹಾಕಿ, ಡಾಕ್ಟರ್ ಪರೀಕ್ಷೆಗೆ ಹೇಳಿದ್ದಾರೆ ಅಂತ. ಕಫ ಕೊಟ್ಟ ಮೇಲೆ ನನಗೆ ಬರೆಯಿರಿ.

ಹುಬ್ಬಳ್ಳಿ ಸದಸ್ಯೆ: ಸರ್, ಮೈಗ್ರೇನ್ ಪ್ರಶ್ನೆ ನನ್ನದು ಮೇಲೆ ಇದೆ.

ಕೋಲಾರ ಸದಸ್ಯ: ಕಾಂಟ್ರಾಕ್ಟ್ ಲೇಬರ್ ಬಗ್ಗೆಯೂ ಯಾರೂ ಹೇಳಲಿಲ್ಲ.