ವಾಹನ ಎಂಜಿನಿಯರ್ ಆಗಲು ಪಿಯುಸಿಯೋ, ಡಿಪ್ಲೊಮಾವೋ?

ಪ್ರಶ್ನೆ: ಮಾನ್ಯರೇ, ನಾನು ಪಾಂಡವಪುರದ ಬಳಿ ಬೈಕ್ ರಿಪೇರಿಯ ಸಣ್ಣ ಗ್ಯಾರೇಜ್ ನಡೆಸುತ್ತೇನೆ. ನಮ್ಮ ಹಳ್ಳಿಯ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಎಸ್ಸೆಸ್ಸೆಲ್ಸಿ ಮುಗಿಸಿರುವ ಮಗ, ವಾಹನಗಳ ಎಂಜಿನಿಯರ್ ಆಗಬೇಕೆಂದು ಹಟ ಹಿಡಿದಿದ್ದಾನೆ. ಪಿಯುಸಿಗೆ ಸೇರಿಸಲೋ, ಡಿಪ್ಲೊಮಾಕ್ಕೋ? ಆಟೊಮೊಬೈಲ್ ವಿಭಾಗದಲ್ಲೇ ಓದಬೇಕೇ?

ಉತ್ತರ: ಎರಡು ದಾರಿಯೂ ಬಿ.ಇ.ಗೇ ಹೋಗಿ ಸೇರುತ್ತವೆ. ಪಿಯುಸಿ ವಿಜ್ಞಾನ 2 ವರ್ಷ, ಬಿ.ಇ. 4 ವರ್ಷ; ಇನ್ನೊಂದು ದಾರಿಯಲ್ಲಿ ಡಿಪ್ಲೊಮಾ 3 ವರ್ಷ, ಅನಂತರ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಿದರೆ ಮತ್ತೆ 3 ವರ್ಷ. ಲೆಕ್ಕ ಹಾಕಿದರೆ ಎರಡೂ 6 ವರ್ಷವೇ. ಪಿಯುಸಿ ದಾರಿಯಲ್ಲಿ ಸಿಇಟಿ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನೂ ಸಿಇಟಿ ಅಂಕಗಳನ್ನೂ ಸಮಪಾಲಿನಲ್ಲಿ ಪರಿಗಣಿಸುವುದರಿಂದ, ಸಿಇಟಿ ಕೋಚಿಂಗ್ ನೆಚ್ಚಿಕೊಂಡು ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ಕಾಣುವುದು ತಪ್ಪು.

ಇನ್ನೊಂದು ಮಾತು. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿಯೂ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಮೀಸಲಾತಿಯೂ ಸಿಇಟಿಯಲ್ಲಿವೆ. ಮುಖ್ಯೋಪಾಧ್ಯಾಯರ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುಸಹಿಯನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಕೌನ್ಸೆಲಿಂಗ್ ಹೊತ್ತಿಗೆ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ.

ನಿಮ್ಮ ಮಗನ ಹಟದಲ್ಲಿ ಪರೀಕ್ಷಿಸಬೇಕಾದದ್ದು ಗಣಿತದ ಮೇಲಿನ ಒಲವನ್ನು. ಎಂಜಿನ್ನಿನ ವಾಲ್ವನ್ನು ತಳ್ಳುವ ಟ್ಯಾಪೆಟ್ಟಿನ ಸದ್ದು ಕೇಳಿದ ಕೂಡಲೇ ನೀವು ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ಸಂದು ಸರಿಮಾಡುತ್ತೀರಿ. ಆ ಸಂದು ಏಕಿರಬೇಕು, ಬಿಸಿಯಾದ ವಾಲ್ವ್ ಎಷ್ಟು ಉದ್ದವಾಗುತ್ತದೆ, ಸಂದು ಕಿರಿದಾದರೆ ಅದು ಸರಿಯಾಗಿ ಮುಚ್ಚದೆ ಏಕೆ ಸುಡುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಮಾಡುವವನು ಎಂಜಿನಿಯರ್. ಡಿಪ್ಲೊಮಾದಿಂದ ಬಂದವರ ಕೈ ಚುರುಕು, ಆದರೆ ಬಿ.ಇ. ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಅನೇಕರು ಮುಗ್ಗರಿಸುತ್ತಾರೆ. ಹತ್ತನೇ ತರಗತಿಯ ಗಣಿತ ಅವನಿಗೆ ಸಲೀಸಾಗಿದ್ದರೆ ಪಿಯುಸಿಗೇ ಸೇರಿಸಿ ಎಂಬುದು ನನ್ನ ಸಲಹೆ. ಪುಸ್ತಕಕ್ಕಿಂತ ಸ್ಪ್ಯಾನರ್ ಇಷ್ಟವಾದರೆ ಡಿಪ್ಲೊಮಾ; ಅದು ಕಡಿಮೆಯ ದಾರಿಯೇನಲ್ಲ.

ವಿಭಾಗದ ವಿಷಯಕ್ಕೆ ಬಂದರೆ, ಮಂಡ್ಯದಲ್ಲಿ 1962ರಲ್ಲಿ ಆರಂಭವಾದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಆಟೊಮೊಬೈಲ್ ಎಂಜಿನಿಯರಿಂಗ್ ಕಲಿಸಿಕೊಂಡು ಬಂದಿದೆ. ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜು 1946ರದು, ಅಲ್ಲಿ ಮೆಕ್ಯಾನಿಕಲ್ ಇದೆ. ವಾಹನ ಕಂಪನಿಗಳು ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಳ್ಳುವುದರಿಂದ, ವಿಭಾಗದ ಹೆಸರಿಗಾಗಿ ಒಳ್ಳೆಯ ಕಾಲೇಜನ್ನು ಬಿಡಬೇಡಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ಎಲೆಕ್ಟ್ರಿಕ್ ಗಾಡಿಗಳು ಬಂದಿರುವಾಗ ಎಂಜಿನ್ ಕಲಿತು ಪ್ರಯೋಜನವಿದೆಯೇ?

ಉತ್ತರ: ಅವುಗಳಲ್ಲಿ ಟ್ಯಾಪೆಟ್ ಇಲ್ಲ, ನಿಜ, ಬ್ರೇಕ್, ಸಸ್ಪೆನ್ಷನ್, ಚಾಸಿ ಮಾತ್ರ ಹಾಗೆಯೇ ಇವೆ. ಎಂಜಿನ್ ಇದ್ದಲ್ಲಿ ಮೋಟಾರು, ಬ್ಯಾಟರಿ, ಅವುಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಬಂದಿವೆ. ಬ್ಯಾಟರಿಯ ಬಿಸಿಯನ್ನು ಹೊರಗೆ ಸಾಗಿಸುವ ಲೆಕ್ಕ ಮೆಕ್ಯಾನಿಕಲ್ ವಿದ್ಯಾರ್ಥಿಯದೇ. ಆದ್ದರಿಂದ ದ್ವಿತೀಯ ಪಿಯುಸಿ ಭೌತಶಾಸ್ತ್ರದ ವಿದ್ಯುತ್ಕಾಂತೀಯತೆಯ ಅಧ್ಯಾಯಗಳನ್ನು, ಪರೀಕ್ಷೆಗೆಂದು ಬಾಯಿಪಾಠ ಮಾಡದೆ, ಗ್ಯಾರೇಜಿನಲ್ಲಿ ಬಿದ್ದಿರುವ ಹಳೆಯ ಸ್ಟಾರ್ಟರ್ ಮೋಟಾರೊಂದನ್ನು ಬಿಚ್ಚಿಟ್ಟುಕೊಂಡು ಓದಲು ಹೇಳಿ.