ಬಾಬೆಲಿನ ಸೆರೆ ಮತ್ತು ಹಿಂತಿರುಗಿದ್ದು: ನಾಲ್ಕು ವಾರದ ಮನೆಕೂಟಕ್ಕೆ ಯಾವ ಭಾಗ, ಯಾವ ಕ್ರಮ?

ಹಾಸನ_ಮನೆಕೂಟ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಹಾಸನದಲ್ಲಿ ಭಾನುವಾರ ಸಂಜೆ ನಡೆಯುವ ಮನೆಕೂಟಕ್ಕೆ ಮುಂದಿನ ತಿಂಗಳು ಇಸ್ರಾಯೇಲ್ಯರ ಸೆರೆವಾಸ ಮತ್ತು ಪುನಃಸ್ಥಾಪನೆಯ ಪಾಠ ಇಟ್ಟುಕೊಂಡಿದ್ದೇವೆ. ನಾಲ್ಕು ವಾರ, ವಾರಕ್ಕೆ ಒಂದು ಗಂಟೆ. ಬರುವವರಲ್ಲಿ ಕೆಲಸ ಹೋದವರಿದ್ದಾರೆ, ಮಕ್ಕಳೆಲ್ಲ ಬೆಂಗಳೂರು ಸೇರಿ ಒಂಟಿಯಾದ ಹಿರಿಯರಿದ್ದಾರೆ, ಹೇಮಾವತಿ ಹಿನ್ನೀರಿಗೆ ಊರು, ಜಮೀನು ಬಿಟ್ಟುಕೊಟ್ಟು ಬಂದ ಕುಟುಂಬದವರೂ ಇದ್ದಾರೆ.

ತೊಡಕು ಏನೆಂದರೆ ಯೆರೆಮೀಯ 29:11, ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂದು ದೇವರು ಹೇಳುವ ವಚನ. ಕ್ಯಾಲೆಂಡರಿನಲ್ಲೂ ಅದೇ, ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ. ಅಲ್ಲಿಂದ ಶುರು ಮಾಡಿದರೆ "ಹಾಗಿದ್ದರೆ ನನಗೆ ಇನ್ನೂ ಯಾಕೆ ಆಗಿಲ್ಲ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳು ಸಮಾಧಾನ ಹೇಳದೆ, ದೇವರ ನಂಬಿಗಸ್ತಿಕೆಯನ್ನೂ ಸಣ್ಣದು ಮಾಡದೆ ಇದನ್ನು ಹೇಗೆ ನಡೆಸಬೇಕು? ಇಸವಿ, ಓದಬೇಕಾದ ಅಧ್ಯಾಯ, ಜನ ಎಲ್ಲಿ ಎಡವುತ್ತಾರೆ, ಎಲ್ಲವನ್ನೂ ದಯವಿಟ್ಟು ಬಿಡಿಸಿ ಬರೆಯಿರಿ.

ಅನಾತೋತಿನ_ಹೊಲ

ಬ್ರದರ್, 29:11ನ್ನು ಬಿಡಬೇಡಿ, ಆದರೆ ಅದನ್ನು ಪತ್ರದಿಂದ ಕಿತ್ತು ಓದಬೇಡಿ. ಯೆರೆಮೀಯ 29 ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆಹೂದದ ಅರಸ ಯೆಹೋಯಾಖೀನನನ್ನೂ ಅಧಿಕಾರಿಗಳನ್ನೂ ಬಡಗಿ, ಕಮ್ಮಾರರನ್ನೂ ಹಿಡಿದುಕೊಂಡು ಹೋದ ಮೇಲೆ ಯೆರೂಸಲೇಮಿನಿಂದ ಬಾಬೆಲಿಗೆ ಹೋದದ್ದು. ಆಗ ದೇವಾಲಯ ಇನ್ನೂ ನಿಂತಿತ್ತು. ಅದು ಸುಟ್ಟುಹೋದದ್ದು ಆಮೇಲೆ, 586ರಲ್ಲಿ (587 ಎಂದು ಲೆಕ್ಕ ಹಾಕುವವರೂ ಇದ್ದಾರೆ). ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡನ್ನೂ ಒಂದೇ ಘಟನೆ ಅಂದುಕೊಂಡು ಕೊನೆವರೆಗೂ ಗೊಂದಲದಲ್ಲಿರುತ್ತಾರೆ.

ಪತ್ರಕ್ಕೆ ಮುಂಚೆ 28ನೇ ಅಧ್ಯಾಯ ಓದಿಸಿ. ಹನನ್ಯ ಎಂಬ ಪ್ರವಾದಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವರ ಹೆಸರಲ್ಲೇ ಹೇಳುತ್ತಾನೆ. ಕೇಳಲು ಹಿತವಾದ ಮಾತು, ಆದರೆ ಸುಳ್ಳು. ಅದರ ಬೆನ್ನಿಗೇ ಪತ್ರ ಬರುತ್ತದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಆಮೇಲೆ 10ನೇ ವಚನದಲ್ಲಿ ಎಪ್ಪತ್ತು ವರ್ಷ. ಪತ್ರ ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಹಿಂತಿರುಗುವುದಿಲ್ಲ ಎಂದೇ ಅದರ ಅರ್ಥ. 11ನೇ ವಚನದ ನಿರೀಕ್ಷೆಯನ್ನು ದೇವರು ಕೊಟ್ಟದ್ದು ಆ ಜನರಿಗೆ. ಅರೇಬಿಕಾ ಗಿಡ ನೆಟ್ಟು ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವ ನಮ್ಮ ಜಿಲ್ಲೆಗಳವರಿಗೆ, ಪರದೇಶದಲ್ಲಿ ತೋಟ ಮಾಡಿ ಅನ್ನುವ ಮಾತಿನ ತೂಕ ಬೇಗ ತಿಳಿಯುತ್ತದೆ. 11ನ್ನು ಗಟ್ಟಿಯಾಗಿ ಓದುವವರು 10ನ್ನೂ ಓದಲೇಬೇಕು ಅನ್ನುವ ಒಂದು ನಿಯಮ ಇಟ್ಟುಕೊಳ್ಳಿ, ಅರ್ಧ ಕೆಲಸ ಆದಂತೆ.

ಅದೇ ವಾರ 32ನೇ ಅಧ್ಯಾಯಕ್ಕೆ ಅರ್ಧ ಗಂಟೆ ಮೀಸಲಿಡಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ. ಯೆಹೂದದ ಕೊನೆಯ ಅರಸ ಚಿದ್ಕೀಯನ ಆಳಿಕೆಯ ಹತ್ತನೇ ವರ್ಷ, ಪಟ್ಟಣಕ್ಕೆ ಮುತ್ತಿಗೆ ಬಿದ್ದಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ. ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಅನಾತೋತ್ ಯೆರೂಸಲೇಮಿಗೆ ಐದು ಕಿಲೋಮೀಟರಿನಷ್ಟು ಹತ್ತಿರ, ಸುತ್ತಲೂ ಬಾಬೆಲಿನ ಸೈನ್ಯ. ಆದರೂ ಯೆರೆಮೀಯ 17 ಶೆಕೆಲ್, ಅಂದರೆ ಸುಮಾರು 200 ಗ್ರಾಂ ಬೆಳ್ಳಿ ತೂಗಿ ಕೊಡುತ್ತಾನೆ. ಕ್ರಯಪತ್ರ ಬರೆಸಿ, ಸಾಕ್ಷಿಗಳ ರುಜು ಹಾಕಿಸಿ, ಮುಚ್ಚಿ ಮುದ್ರೆ ಹಾಕಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಂತೆ ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಆ ಹೊಲವನ್ನು ಅವನು ಉತ್ತ ಸುದ್ದಿ ಎಲ್ಲೂ ಇಲ್ಲ. 43ನೇ ಅಧ್ಯಾಯಕ್ಕೆ ಬಂದರೆ ಜನ ಅವನನ್ನು ಐಗುಪ್ತಕ್ಕೆ ಕರೆದೊಯ್ದಿರುತ್ತಾರೆ. 32:25ನ್ನು ತಪ್ಪದೆ ಓದಿಸಿ: ಪಟ್ಟಣವೇ ಶತ್ರುಗಳ ಕೈಗೆ ಹೋಗುತ್ತಿರುವಾಗ ಹೊಲ ಕೊಳ್ಳು ಅನ್ನುತ್ತೀಯಲ್ಲ ಎಂದು ಅವನೇ ದೇವರನ್ನು ಕೇಳುತ್ತಾನೆ. ಪತ್ರ ಮಾಡಿಸಿ ಆದ ಮೇಲೆ ಬಂದ ಪ್ರಶ್ನೆ ಅದು. ವಿಧೇಯತೆಯೂ ಅನುಮಾನವೂ ಒಂದೇ ಅಧ್ಯಾಯದಲ್ಲಿವೆ.

ಮೂಡಿಗೆರೆ_ಸಂಡೇಸ್ಕೂಲ್

ಮೇಲಿನವರು ಹೇಳಿದ್ದು ಎರಡನೇ ವಾರಕ್ಕಿರಲಿ. ಮೊದಲ ವಾರ ಅಳುವುದಕ್ಕೆ ಬಿಡಿ. 2 ಅರಸುಗಳು 25:1-12 ಓದಿ, ಆಮೇಲೆ ಪ್ರಲಾಪಗಳು. ಐದು ಅಧ್ಯಾಯ, ಒಟ್ಟು 154 ವಚನ, ನಿಧಾನವಾಗಿ ಓದಿದರೆ ಅರ್ಧ ಗಂಟೆ. ಅಧ್ಯಾಯಕ್ಕೊಬ್ಬರು ಓದಲಿ, ನಡುವೆ ವಿವರಣೆ ಬೇಡ.

ಎಲ್ಲರೂ ಎಡವುವುದು 3:22-23ರಲ್ಲಿ. ದೇವರ ಕೃಪೆ ಪ್ರತಿ ಬೆಳಿಗ್ಗೆ ಹೊಸದಾಗುತ್ತದೆ ಅನ್ನುವ ಮಾತು ಬಂದ ಕೂಡಲೇ ಹಾಡು ಎತ್ತಿ ಓದು ಮುಗಿಸಿಬಿಡುತ್ತಾರೆ. ಆ ಮಾತು ಇರುವುದು ಪುಸ್ತಕದ ನಡುವೆ. ಅದಾದ ಮೇಲೆ ಮತ್ತೆ ಹಸಿವು, ಮತ್ತೆ ಸಾವು, 5:22ರಲ್ಲಿ ಉತ್ತರವಿಲ್ಲದೆಯೇ ಮುಗಿಯುತ್ತದೆ. 3:23ಕ್ಕೆ ನಿಲ್ಲಿಸಿದರೆ, ದುಃಖದಲ್ಲಿರುವವರಿಗೆ "ಸಾಕು, ಕಣ್ಣೊರೆಸಿಕೊಳ್ಳಿ" ಅಂದಂತೆ ಕೇಳಿಸುತ್ತದೆ. ಕೀರ್ತನೆ 137 ಓದುವುದಾದರೆ 9ನೇ ವಚನ ಬಿಟ್ಟು ಓದಬೇಡಿ. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಅನ್ನುವುದು ಭಯಂಕರವಾದ ಮಾತು ನಿಜ, ಆದರೆ ಸೇಡನ್ನು ಕೈಗೆತ್ತಿಕೊಳ್ಳದೆ ದೇವರ ಮುಂದೆ ಸುರಿದ ಕೂಗು ಅದು, ನಮಗೆ ಕೊಟ್ಟ ಆಜ್ಞೆಯಲ್ಲ. ಇಷ್ಟು ಹೇಳಿ ಮುಂದೆ ಹೋಗಿ.

ಹಿನ್ನೀರಿನ ಕುಟುಂಬಗಳ ವಿಷಯದಲ್ಲಿ ತುಂಬಾ ಎಚ್ಚರ. ಯೆಹೂದದ ಸೆರೆಗೆ ಅವರ ಪಾಪ ಕಾರಣ ಎಂದು ಪ್ರವಾದಿಗಳು ಹೇಳಿದ್ದು ಯೆಹೂದದ ಬಗ್ಗೆ. ಗೊರೂರಿನಲ್ಲಿ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಊರುಗಳಿಗೆ ಆ ಮಾತು ಹೊಂದುವುದಿಲ್ಲ. ಕೂಟದಲ್ಲಿ ಯಾರಾದರೂ ಹಾಗೆ ಹೊಂದಿಸಲು ಹೊರಟರೆ ತಕ್ಷಣ ಯೋಹಾನ 9:1-3 ತೆಗೆಸಿ, ಹುಟ್ಟು ಕುರುಡನ ಕಷ್ಟಕ್ಕೆ ಯಾರ ಪಾಪವೂ ಕಾರಣವಲ್ಲ ಎಂದು ಯೇಸು ಹೇಳಿದ ಭಾಗ ಅದು. ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಫೋಟೊ ತೋರಿಸಿ ಪಾಠ ಮಾಡುವ ಆಸೆಯೂ ಬರಬಹುದು. ಆ ಕಡೆಯವರು ಕೂತಿದ್ದರೆ ಮೊದಲೇ ಅವರನ್ನು ಕೇಳಿ, ಬೇಡ ಅಂದರೆ ಬಿಟ್ಟುಬಿಡಿ.

ಕೆಬಾರ್_ದಡ

ಮೂರನೇ ವಾರ, ಸೆರೆಹೋದವರ ನಡುವೆ ಇದ್ದ ಪ್ರವಾದಿ ಯೆಹೆಜ್ಕೇಲ ಇರಲಿ. ಕ್ರಿ.ಪೂ. 593ರ ಹೊತ್ತಿಗೆ, ಬಾಬೆಲಿನ ನೆಲದಲ್ಲಿ, ಕೆಬಾರ್ ಕಾಲುವೆಯ ಹತ್ತಿರ ಅವನಿಗೆ ದರ್ಶನವಾಗುತ್ತದೆ. ದೇವರ ಸಿಂಹಾಸನಕ್ಕೆ ಚಕ್ರಗಳಿವೆ, ಜನ ಇದ್ದಲ್ಲಿಗೆ ಅದು ಬಂದಿದೆ. 11:16ರಲ್ಲಿ ಆ ದೇಶಗಳಲ್ಲಿ ನಾನೇ ಅವರಿಗೆ ಪವಿತ್ರಾಲಯ ಅನ್ನುತ್ತಾನೆ ದೇವರು. ಆಮೇಲೆ 37. ಒಣ ಎಲುಬುಗಳ ಭಾಗವನ್ನು ಉಜ್ಜೀವನ ಕೂಟಗಳಲ್ಲಿ 10ನೇ ವಚನಕ್ಕೇ ನಿಲ್ಲಿಸುವ ರೂಢಿ ಇದೆ. 11ರಿಂದ 14 ಬಿಟ್ಟರೆ ಪಾಠವೇ ಹೋಯಿತು: ನಮ್ಮ ನಿರೀಕ್ಷೆ ಹಾಳಾಯಿತು ಎಂದು ಬಾಯಿಬಿಟ್ಟು ಹೇಳುತ್ತಿದ್ದ ಜನರೇ ಆ ಎಲುಬುಗಳು, ಅವರಿಗೇ ಸ್ವದೇಶದ ವಾಗ್ದಾನ. ಜೊತೆಗೆ 36:22. ನಿಮಗಾಗಿ ಅಲ್ಲ, ನನ್ನ ಪರಿಶುದ್ಧ ನಾಮಕ್ಕಾಗಿ ಮಾಡುತ್ತೇನೆ ಅನ್ನುವ ಮಾತು ಮೊದಲು ಕಠಿಣವಾಗಿ ಕೇಳಿಸುತ್ತದೆ. ಆದರೆ ತಾವು ಯೋಗ್ಯರಲ್ಲ ಎಂದು ಕುಗ್ಗಿ ಕೂತವರಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ.

ಹಾಸನ_ಮನೆಕೂಟ

ತುಂಬಾ ಉಪಕಾರವಾಯಿತು. ಎರಡು ವಿಷಯ ಉಳಿದಿದೆ. ಎಪ್ಪತ್ತು ವರ್ಷದ ಲೆಕ್ಕ ಕೂಡಿ ಬರುವುದಿಲ್ಲ ಎಂದು ಹುಡುಗರು ಕೇಳುತ್ತಾರೆ, ಏನು ಹೇಳಲಿ? ಕೊನೇ ವಾರ, ನೆಹೆಮೀಯ ಕಟ್ಟಿಸಿದ ಯೆರೂಸಲೇಮಿನ ಗೋಡೆ 52 ದಿನದಲ್ಲಿ ಮುಗಿದದ್ದಕ್ಕೆ ಪಾಠ ಮುಗಿಸಬಹುದಾ?

ಅನಾತೋತಿನ_ಹೊಲ

ಲೆಕ್ಕಕ್ಕೆ ಐದು ನಿಮಿಷ ಸಾಕು. ಕ್ರಿ.ಪೂ. 605ರಲ್ಲಿ ಬಾಬೆಲಿನ ಕೈ ಮೇಲಾದಾಗಿನಿಂದ, ಯೆಹೂದ್ಯರು ಹಿಂತಿರುಗಲಿ ಎಂದು ಪಾರಸಿಯ ಅರಸ ಕೋರೆಷ 538ರಲ್ಲಿ ಕೊಟ್ಟ ಅಪ್ಪಣೆವರೆಗೆ ಎಣಿಸಿದರೆ 67. ದೇವಾಲಯ ಬಿದ್ದ 586ರಿಂದ ಮತ್ತೆ ಕಟ್ಟಿ ಮುಗಿದ 515ರವರೆಗೆ 71. ಎರಡೂ ಎಪ್ಪತ್ತರ ಆಸುಪಾಸಿನಲ್ಲೇ ಇವೆ, ಹಟ ಹಿಡಿದು ಒಂದನ್ನೇ ಸಾಧಿಸಬೇಕಿಲ್ಲ. ದಾನಿಯೇಲ 9:2-3 ತೋರಿಸಿ. ಎಪ್ಪತ್ತು ವರ್ಷದ ಮಾತನ್ನು ಓದಿ ತಿಳಿದ ಕೂಡಲೇ ಅವನು ಉಪವಾಸ, ಪ್ರಾರ್ಥನೆಗೆ ಕೂತ. ಕೋರೆಷನ ಶಾಸನವಿರುವ ಮಣ್ಣಿನ ಸಿಲಿಂಡರಿನಲ್ಲಿ ಯೆಹೂದ್ಯರ ಹೆಸರಿದೆ ಎಂದು ಫಾರ್ವರ್ಡ್ ಬರುತ್ತದೆ, ಅದು ಸರಿಯಲ್ಲ. ಸೆರೆಯಾದ ಜನರನ್ನೂ ಅವರ ದೇವತೆಗಳನ್ನೂ ಸ್ವಸ್ಥಾನಕ್ಕೆ ಕಳಿಸಿದ ಅವನ ರೀತಿ ಮಾತ್ರ ಅದರಲ್ಲಿ ಕಾಣುತ್ತದೆ. ಆದರೆ ಯೆಹೋಯಾಖೀನನಿಗೂ ಅವನ ಮಕ್ಕಳಿಗೂ ಎಣ್ಣೆ ಅಳೆದುಕೊಟ್ಟ ಪಡಿತರದ ಮಣ್ಣಿನ ಹಲಗೆಗಳು ಬಾಬೆಲಿನಲ್ಲೇ ಸಿಕ್ಕಿವೆ, ಅದನ್ನು ಧೈರ್ಯವಾಗಿ ಹೇಳಿ.

52 ದಿನಕ್ಕೆ ಮುಗಿಸಬೇಡಿ. ಎಜ್ರ 3:10-13ರಿಂದ ಶುರು ಮಾಡಿ. ಅಸ್ತಿವಾರ ಹಾಕಿದಾಗ ಹಳೇ ದೇವಾಲಯ ಕಂಡಿದ್ದ ಮುದುಕರು ಗೋಳಾಡುತ್ತಾರೆ, ಉಳಿದವರು ಹರ್ಷದಿಂದ ಕೂಗುತ್ತಾರೆ, ಯಾವುದು ಯಾವ ಸದ್ದು ಎಂದು ಗೊತ್ತಾಗುವುದಿಲ್ಲ. ಆಮೇಲೆ ಕೆಲಸ ನಿಂತುಹೋಗಿ ಹದಿನೈದು ವರ್ಷಕ್ಕೂ ಹೆಚ್ಚು ಹಾಗೇ ಬಿದ್ದಿತ್ತು. 520ರಲ್ಲಿ ಪ್ರವಾದಿ ಹಗ್ಗಾಯ ಬಂದು ಎಬ್ಬಿಸಿದ, ಹಗ್ಗಾಯ 2:1-9 ಓದಿ. ಗೋಡೆಯ ಕಾಲಕ್ಕೆ, 445ಕ್ಕೆ ಬಂದರೂ ಬಡವರು ಹೊಲ ಅಡವಿಟ್ಟು ಮಕ್ಕಳನ್ನು ಜೀತಕ್ಕೆ ಕೊಡುತ್ತಿದ್ದರು (ನೆಹೆಮೀಯ 5). 9:36ರಲ್ಲಿ, ಪಿತೃಗಳಿಗೆ ಕೊಟ್ಟ ನೆಲದಲ್ಲೇ ನಾವು ದಾಸರಾಗಿದ್ದೇವೆ ಎಂದು ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಪುನಃಸ್ಥಾಪನೆ ಪೂರ್ತಿ ಆಗಲಿಲ್ಲವಾ ಎಂದು ಕೇಳಿದರೆ, ಇಲ್ಲ ಎಂದೇ ಹೇಳಿ ಲೂಕ 2:25-38 ತೆಗೆಯಿರಿ. ಸಿಮೆಯೋನ, ಅನ್ನ ಎಂಬ ಹಿರಿಯರು ದೇವಾಲಯದಲ್ಲಿ ಇನ್ನೂ ಬಿಡುಗಡೆಗಾಗಿ ಕಾಯುತ್ತಾ ಇದ್ದರು, ಕಾದದ್ದನ್ನು ಕೂಸಾದ ಯೇಸುವಿನಲ್ಲಿ ಕಂಡರು.

ಕೊನೆಯ ಹತ್ತು ನಿಮಿಷ ಯೆರೆಮೀಯ 29:7ರ ಪ್ರಕಾರ ಹಾಸನಕ್ಕಾಗಿ ಪ್ರಾರ್ಥಿಸಿ. ಒಟ್ಟಾರೆ "ಊರಿಗಾಗಿ" ಅನ್ನದೆ ಒಬ್ಬರು ಜಿಲ್ಲಾಸ್ಪತ್ರೆಯ ವಾರ್ಡುಗಳಿಗೆ, ಒಬ್ಬರು ಕೆಲಸ ಹುಡುಕುತ್ತಿರುವವರಿಗೆ, ಒಬ್ಬರು ತೋಟದ ಲೈನ್ ಮನೆಗಳಲ್ಲಿರುವ ಹೊರಗಿನ ಕೂಲಿಯವರಿಗೆ ಎಂದು ಹಿಂದಿನ ವಾರವೇ ಹಂಚಿಕೊಡಿ. ಆಗ ತಯಾರಾಗಿ ಬರುತ್ತಾರೆ.